ಬೋರ್ಡ್ ಬದಲಾಯಿಸಿದ ಮೇಲೆ ಸರ್ವರ್‌ನ ಎಫ್‌ಆರ್‌ಯು ಮಾಹಿತಿ ಸರಿ ಮಾಡುವುದು ಹೇಗೆ

ಸರ್ವರ್‌ನ ಮದರ್‌ಬೋರ್ಡ್ ಕೆಟ್ಟಿತು, ಹೊಸದು ಬಂತು, ಹಾಕಿದ್ದೂ ಆಯಿತು. ಓಎಸ್ ಬೂಟ್ ಆಗುತ್ತಿದೆ, ಡಿಸ್ಕ್‌ಗಳೆಲ್ಲ ಕಾಣುತ್ತಿವೆ, ನೆಟ್‌ವರ್ಕ್ ಇದೆ. ಎಲ್ಲ ಮುಗಿಯಿತು ಅಂತ ರ‍್ಯಾಕ್ ಬಾಗಿಲು ಹಾಕುವ ಮುಂಚೆ ಒಂದು ಸಲ ಡಿಎಂಐಡಿಕೋಡ್ (ಹಾರ್ಡ್‌ವೇರ್ ಮಾಹಿತಿ ತೋರಿಸುವ ಲಿನಕ್ಸ್ ಕಮಾಂಡ್) ಓಡಿಸಿ ಸಿಸ್ಟಂ ಸೀರಿಯಲ್ ನಂಬರ್ ನೋಡಿ. ಅಲ್ಲಿ ‘ಟು ಬಿ ಫಿಲ್ಡ್ ಬೈ ಓಇಎಂ’ ಅಂತಲೋ, ‘ಡೀಫಾಲ್ಟ್ ಸ್ಟ್ರಿಂಗ್’ ಅಂತಲೋ, 0123456789 ಅಂತಲೋ ಬಂದರೆ ರಿಪೇರಿ ಇನ್ನೂ ಮುಗಿದಿಲ್ಲ, ಎಫ್‌ಆರ್‌ಯು, ಅಂದರೆ ಸರ್ವರ್‌ನ ಗುರುತಿನ ಮಾಹಿತಿ, ಸರಿ ಮಾಡುವುದು ಬಾಕಿ ಇದೆ.

ಸೀರಿಯಲ್ ನಂಬರ್ ಇಲ್ಲದಿದ್ದರೇನು, ಸರ್ವರ್ ಓಡುತ್ತಿದೆಯಲ್ಲ ಅನ್ನಿಸಬಹುದು. ಆದರೆ ಇನ್ವೆಂಟರಿ ಸಾಫ್ಟ್‌ವೇರ್ ಸರ್ವರ್ ಗುರುತಿಸುವುದು ಈ ನಂಬರಿನಿಂದ. ವಾರಂಟಿ ಕೇಳುವಾಗ ಬೇಕಾಗುವುದೂ ಇದೇ. ಕೆಲವು ಲೈಸೆನ್ಸ್‌ಗಳು ಯುಯುಐಡಿ (ಪ್ರತಿ ಸರ್ವರ್‌ಗೂ ಬೇರೆ ಬೇರೆ ಇರುವ ಉದ್ದನೆಯ ಗುರುತು) ನೋಡಿಯೇ ಕೆಲಸ ಮಾಡುತ್ತವೆ. ಎರಡು ಸರ್ವರ್‌ಗಳಲ್ಲಿ ಒಂದೇ ಡೀಫಾಲ್ಟ್ ಸೀರಿಯಲ್ ಇದ್ದರೆ ಆಟೋಮೇಷನ್ ಅವೆರಡನ್ನೂ ಒಂದೇ ಅಂದುಕೊಂಡು ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಹಾಕಿಬಿಡಬಹುದು, ಆಮೇಲೆ ಅದರ ಮೂಲ ಹುಡುಕುವುದು ನಿಜಕ್ಕೂ ಕಷ್ಟ.

ಈ ಮಾಹಿತಿ ಇರುವುದು ಎಲ್ಲಿ

ಎರಡು ಜಾಗದಲ್ಲಿ. ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಒಂದು, ಬಿಎಂಸಿ, ಅಂದರೆ ಸರ್ವರ್ ಮೇಲೆ ನಿಗಾ ಇಡಲು ಬೋರ್ಡ್‌ನಲ್ಲೇ ಇರುವ ಪುಟ್ಟ ಕಂಪ್ಯೂಟರ್, ಅದರ ಕೈಯಲ್ಲಿರುವ ಎಫ್‌ಆರ್‌ಯು. ಫೀಲ್ಡ್ ರೀಪ್ಲೇಸಬಲ್ ಯೂನಿಟ್, ಅಂದರೆ ಸರ್ವರ್ ಇರುವಲ್ಲೇ ಬಿಚ್ಚಿ ಬದಲಾಯಿಸಬಹುದಾದ ಭಾಗ. ಬೋರ್ಡ್, ಪವರ್ ಸಪ್ಲೈ, ಬ್ಯಾಕ್‌ಪ್ಲೇನ್, ರೈಸರ್ ಹೀಗೆ ಒಂದೊಂದರ ಮೇಲೂ ಸಾಮಾನ್ಯವಾಗಿ ಒಂದು ಪುಟ್ಟ ಈಪ್ರಾಮ್ ಚಿಪ್ ಇರುತ್ತದೆ. ತಯಾರಕರ ಹೆಸರು, ಪಾರ್ಟ್ ನಂಬರ್, ಸೀರಿಯಲ್ ನಂಬರ್ ಎಲ್ಲ ಅದರೊಳಗೆ, ಈ ಮಾಹಿತಿಗೂ ಎಫ್‌ಆರ್‌ಯು ಅಂತಲೇ ಕರೆಯುತ್ತಾರೆ. ಚಿಕ್ಕ ಚಿಪ್‌ಗಳಲ್ಲಿ ಇರುವ ಜಾಗ ಬರೀ 256 ಬೈಟ್. ಇದನ್ನು ಓದುವ, ಬರೆಯುವ ದಾರಿ ಐಪಿಎಂಐ. ಇಂಟೆಲ್, ಎಚ್‌ಪಿ, ಎನ್ಇಸಿ, ಡೆಲ್ ಸೇರಿ 1998ರಲ್ಲಿ ಹೊರತಂದ ಸ್ಪೆಸಿಫಿಕೇಷನ್ ಅದು, ಹಾಗಾಗಿ ಬೇರೆ ಬೇರೆ ಕಂಪನಿಯ ಸರ್ವರ್‌ಗಳಲ್ಲೂ ಒಂದೇ ಕಮಾಂಡ್ ನಡೆಯುತ್ತದೆ.

ಇನ್ನೊಂದು, ಬಯೋಸ್ ತಯಾರಿಸುವ ಎಸ್‌ಎಂಬಯೋಸ್ ಟೇಬಲ್. ಡಿಎಂಐಡಿಕೋಡ್ ಓದುವುದು ಇದನ್ನು. ಟೈಪ್ 1 ಇಡೀ ಸಿಸ್ಟಂ ಬಗ್ಗೆ, ಟೈಪ್ 2 ಬೋರ್ಡ್ ಬಗ್ಗೆ, ಟೈಪ್ 3 ಚಾಸಿ, ಅಂದರೆ ಹೊರಗಿನ ಪೆಟ್ಟಿಗೆ ಬಗ್ಗೆ. ಕೆಲವು ಸರ್ವರ್‌ಗಳಲ್ಲಿ ಬಯೋಸ್ ಪ್ರತಿ ಸಲ ಬೂಟ್ ಆಗುವಾಗ ಬಿಎಂಸಿಯ ಎಫ್‌ಆರ್‌ಯು ಓದಿ ಈ ಟೇಬಲ್ ತುಂಬುತ್ತದೆ. ಇನ್ನು ಕೆಲವದರಲ್ಲಿ ಬಯೋಸ್ ಫ್ಲ್ಯಾಶ್‌ನಲ್ಲೇ ಬೇರೆ ಪ್ರತಿ ಇರುತ್ತದೆ, ಎಫ್‌ಆರ್‌ಯು ಬದಲಾಯಿಸಿದರೂ ಇದು ಬದಲಾಗುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ಮೊದಲೇ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಂದು ಬದಲಾವಣೆ ಮಾಡಿ ರೀಬೂಟ್ ಮಾಡಿದರೆ ತಾನಾಗಿಯೇ ತಿಳಿಯುತ್ತದೆ.

ಯಾವುದು ಯಾರದ್ದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಮಾಂಡ್‌ಗಳಿಗಿಂತ ಮುಖ್ಯವಾದದ್ದು ಇದೇ.

ಎಫ್‌ಆರ್‌ಯು ಒಳಗೆ ಮೂರು ಭಾಗಗಳು ನಮಗೆ ಬೇಕಾದವು: ಚಾಸಿ, ಬೋರ್ಡ್, ಪ್ರಾಡಕ್ಟ್. ಚಾಸಿ ಭಾಗ ಪೆಟ್ಟಿಗೆಯದ್ದು. ಪ್ರಾಡಕ್ಟ್ ಭಾಗ ಇಡೀ ಸರ್ವರ್‌ನದ್ದು, ಹೊರಗೆ ಲೇಬಲ್ ಮೇಲೆ ಇರುವ ಸೀರಿಯಲ್ ಇಲ್ಲಿಗೆ ಬರಬೇಕು. ಬೋರ್ಡ್ ಭಾಗ ಮಾತ್ರ ಆ ಬೋರ್ಡ್‌ನದ್ದೇ. ಬೋರ್ಡ್ ಬದಲಾದಾಗ ಪೆಟ್ಟಿಗೆ ಬದಲಾಗಿಲ್ಲ, ಸರ್ವರ್ ಬದಲಾಗಿಲ್ಲ, ಬೋರ್ಡ್ ಬದಲಾಗಿದೆ. ಹಾಗಾಗಿ ಚಾಸಿ ಮತ್ತು ಪ್ರಾಡಕ್ಟ್ ಮಾಹಿತಿ ಹಳೆಯದೇ ವಾಪಸ್ ಬರಬೇಕು, ಬೋರ್ಡ್ ಮಾಹಿತಿ ಹೊಸ ಬೋರ್ಡ್ ಜೊತೆ ಬಂದದ್ದೇ ಉಳಿಯಬೇಕು.

ಹಳೆಯ ಬೋರ್ಡ್‌ನಿಂದ ತೆಗೆದ ಫೈಲನ್ನು ಇಡಿಯಾಗಿ ಹೊಸ ಬೋರ್ಡ್‌ಗೆ ಬರೆದುಬಿಡುವುದು ಸುಲಭ, ಒಂದೇ ಕಮಾಂಡ್ ಸಾಕು. ಹಾಗೆ ಮಾಡಬೇಡಿ. ಸತ್ತು ಹೋದ ಬೋರ್ಡ್‌ನ ಸೀರಿಯಲ್, ಪಾರ್ಟ್ ನಂಬರ್, ತಯಾರಾದ ತಾರೀಕು ಎಲ್ಲ ಹೊಸದರ ತಲೆಗೆ ಅಂಟಿಕೊಳ್ಳುತ್ತದೆ. ನಾಳೆ ಆ ಬೋರ್ಡ್ ರಿವಿಷನ್‌ನಲ್ಲಿ ದೋಷ ಇದೆ ಅಂತ ತಯಾರಕರು ಹೇಳಿದರೆ ನಿಮ್ಮ ಪಟ್ಟಿಯಲ್ಲಿ ತಪ್ಪು ಬೋರ್ಡ್ ಕಾಣಿಸುತ್ತದೆ. ಜೊತೆಗೆ ಕೆಲವು ತಯಾರಕರು ಮ್ಯಾಕ್ ವಿಳಾಸವನ್ನೂ (ನೆಟ್‌ವರ್ಕ್ ಪೋರ್ಟ್‌ನ ಗುರುತು) ಎಫ್‌ಆರ್‌ಯು ಒಳಗೇ ಇಡುತ್ತಾರೆ. ಹಳೆಯ ಬೋರ್ಡ್ ರಿಪೇರಿಯಾಗಿ ಮತ್ತೆ ಅದೇ ನೆಟ್‌ವರ್ಕ್‌ಗೆ ಬಂದರೆ ಒಂದೇ ಮ್ಯಾಕ್ ಇರುವ ಎರಡು ಬಿಎಂಸಿ ಆಗುತ್ತವೆ.

ಸೀರಿಯಲ್ ಎಲ್ಲಿಂದ ತೆಗೆದುಕೊಳ್ಳಬೇಕು? ಸರ್ವರ್ ಮೇಲಿನ ಲೇಬಲ್‌ನಿಂದ ಅಥವಾ ಮುಂಭಾಗದಲ್ಲಿ ಎಳೆದರೆ ಬರುವ ಟ್ಯಾಗ್‌ನಿಂದ. ಎಕ್ಸೆಲ್ ಪಟ್ಟಿಯಿಂದ ಬೇಡ. ಅಕ್ಷರ ಒ ಮತ್ತು ಸೊನ್ನೆ, ಅಕ್ಷರ ಐ ಮತ್ತು ಒಂದು, ಇವು ಲೇಬಲ್‌ನಲ್ಲೂ ಒಂದೇ ತರಹ ಕಾಣುತ್ತವೆ. ಬಾರ್‌ಕೋಡ್ ಇದ್ದರೆ ಫೋನ್‌ನಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ, ಕಣ್ಣಿಗಿಂತ ಅದು ವಾಸಿ.

ಮೊದಲು ಓದಿ, ಪ್ರತಿ ಇಟ್ಟುಕೊಳ್ಳಿ

ಸರ್ವರ್ ಒಳಗಿಂದಲೇ ಮಾಡುವುದಾದರೆ ಐಪಿಎಂಐಟೂಲ್ ಅನ್ನುವ ಕಮಾಂಡ್ ಟೂಲ್ ಬೇಕು, ಜೊತೆಗೆ ಐಪಿಎಂಐ ಕರ್ನಲ್ ಮಾಡ್ಯೂಲ್‌ಗಳು ಲೋಡ್ ಆಗಿರಬೇಕು. ಡೆವ್ ಫೋಲ್ಡರ್‌ನಲ್ಲಿ ಐಪಿಎಂಐ0 ಅನ್ನುವ ಸಾಧನ ಕಾಣಿಸಿದರೆ ಸಾಕು. ಹೊರಗಿಂದ ಮಾಡುವುದಾದರೆ ಲ್ಯಾನ್‌ಪ್ಲಸ್ ಇಂಟರ್‌ಫೇಸ್ ಬಳಸಿ, ಬರೀ ಲ್ಯಾನ್ ಬೇಡ. ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಟೈಪ್ ಮಾಡಬೇಡಿ, ಅದು ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ. ದೊಡ್ಡಕ್ಷರದ ಇ ಆಪ್ಷನ್ ಕೊಟ್ಟರೆ ಪಾಸ್‌ವರ್ಡನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತೆಗೆದುಕೊಳ್ಳುತ್ತದೆ. ಬಿಎಂಸಿ ಸ್ಟ್ಯಾಂಡ್‌ಬೈ ವಿದ್ಯುತ್‌ನಲ್ಲಿ ಓಡುತ್ತದೆ, ಹಾಗಾಗಿ ಸರ್ವರ್ ಆಫ್ ಇದ್ದರೂ ಹೊರಗಿಂದ ಈ ಕೆಲಸ ಆಗುತ್ತದೆ. ನನ್ನನ್ನು ಕೇಳಿದರೆ ಆಫ್ ಇರುವಾಗ ಮಾಡುವುದೇ ನೆಮ್ಮದಿ. ಆದರೆ ಪವರ್ ಕೇಬಲ್ ಮಾತ್ರ ಕೀಳಬಾರದು.

‘ಎಫ್‌ಆರ್‌ಯು ಪ್ರಿಂಟ್’ ಕೊಡಿ. ಎಲ್ಲ ಭಾಗಗಳೂ ಒಂದೊಂದು ಐಡಿ ಜೊತೆ ಪಟ್ಟಿಯಾಗಿ ಬರುತ್ತವೆ. ಮುಖ್ಯ ಬೋರ್ಡ್ ಸಾಮಾನ್ಯವಾಗಿ ಐಡಿ 0. ನಡುವೆ ಕೆಲವು ಕಡೆ ‘ಡಿವೈಸ್ ನಾಟ್ ಪ್ರೆಸೆಂಟ್’ ಅಂತ ಬಂದರೆ ಹೆದರಬೇಡಿ, ಆ ಸ್ಲಾಟ್‌ನಲ್ಲಿ ಏನೂ ಹಾಕಿಲ್ಲ ಅಂತ ಅಷ್ಟೇ. ಪೂರ್ತಿ ಔಟ್‌ಪುಟ್ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿಡಿ.

ಆಮೇಲೆ ‘ಎಫ್‌ಆರ್‌ಯು ರೀಡ್ 0’ ಅಂತ ಬರೆದು ಮುಂದೆ ಒಂದು ಫೈಲ್ ಹೆಸರು ಕೊಡಿ. ಚಿಪ್‌ನಲ್ಲಿರುವುದು ಬೈಟ್‌ಗೆ ಬೈಟ್ ಆ ಫೈಲ್‌ಗೆ ಬರುತ್ತದೆ. ಇದನ್ನು ಬೇರೆ ಹೆಸರಿನಲ್ಲಿ ಇನ್ನೊಮ್ಮೆ ಮಾಡಿ, ಎರಡೂ ಫೈಲ್‌ಗಳನ್ನು ‘ಸಿಎಂಪಿ’ ಕಮಾಂಡ್‌ನಲ್ಲಿ ಹೋಲಿಸಿ. ಎರಡು ಬೇರೆ ಬೇರೆ ಬಂದರೆ ಓದುವುದರಲ್ಲೇ ಏನೋ ತೊಂದರೆ ಇದೆ, ಬರೆಯುವ ಯೋಚನೆ ಅಲ್ಲಿಗೇ ಬಿಡಿ. ಪ್ರತಿಯನ್ನು ಆ ಸರ್ವರ್ ಡಿಸ್ಕ್‌ನಲ್ಲಿ ಇಡಬೇಡಿ, ಬೇರೆ ಕಡೆ ಇಡಿ. ಡಿಎಂಐಡಿಕೋಡ್‌ನ ಟೈಪ್ 1, 2, 3ರ ಔಟ್‌ಪುಟ್ಟನ್ನೂ ಜೊತೆಗೆ ಸೇರಿಸಿ.

ಫೈಲ್ ಒಳಗೆ ಏನಿದೆ

ಎಡಿಟ್ ಕಮಾಂಡ್ ಇರುವಾಗ ಬೈಟ್‌ಗಳ ಗೊಡವೆ ಯಾಕೆ ಅಂತ ಕೇಳಬಹುದು. ಏನಾದರೂ ಕೈಕೊಟ್ಟಾಗ ನಿಮ್ಮನ್ನು ಕಾಪಾಡುವುದು ಇದೇ ತಿಳಿವಳಿಕೆ, ಮತ್ತು ಇದು ಅಂಥ ಕಷ್ಟದ್ದೂ ಅಲ್ಲ.

ಮೊದಲ 8 ಬೈಟ್ ಹೆಡರ್. ಅದರಲ್ಲಿ ಮೊದಲನೆಯದು ಆವೃತ್ತಿ, ಯಾವಾಗಲೂ 1. ಆಮೇಲೆ ಕ್ರಮವಾಗಿ ಇಂಟರ್ನಲ್ (ತಯಾರಕರ ಸ್ವಂತ ಬಳಕೆಯದ್ದು), ಚಾಸಿ, ಬೋರ್ಡ್, ಪ್ರಾಡಕ್ಟ್, ಮಲ್ಟಿರೆಕಾರ್ಡ್ (ಹೆಚ್ಚುವರಿ ದಾಖಲೆಗಳು) ಭಾಗಗಳು ಎಲ್ಲಿ ಶುರುವಾಗುತ್ತವೆ ಅನ್ನುವ ಐದು ಬೈಟ್. ಇಲ್ಲಿರುವ ಸಂಖ್ಯೆಯನ್ನು 8ರಿಂದ ಗುಣಿಸಿದರೆ ನಿಜವಾದ ಜಾಗ ಸಿಗುತ್ತದೆ, ಸೊನ್ನೆ ಇದ್ದರೆ ಆ ಭಾಗ ಇಲ್ಲ ಅಂತ. ಏಳನೆಯದು ಖಾಲಿ. ಎಂಟನೆಯದು ಚೆಕ್‌ಸಮ್, ಬೈಟ್‌ಗಳು ಕೆಟ್ಟಿಲ್ಲ ಅಂತ ಪರೀಕ್ಷಿಸುವ ಸಂಖ್ಯೆ.

ಒಂದು ಉದಾಹರಣೆ ನೋಡೋಣ. ಹೆಡರ್‌ನಲ್ಲಿ 1, 0, 1, 4, 12, 0, 0 ಅಂತ ಇದೆ. ಅಂದರೆ ಚಾಸಿ 8ನೇ ಬೈಟ್‌ನಿಂದ, ಬೋರ್ಡ್ 32ರಿಂದ, ಪ್ರಾಡಕ್ಟ್ 96ರಿಂದ. ಎಲ್ಲ ಕೂಡಿದರೆ 18. ಚೆಕ್‌ಸಮ್ ಸೇರಿದಾಗ ಒಟ್ಟು 256 ಆಗಬೇಕು, ಅಂದರೆ ಚೆಕ್‌ಸಮ್ 238. ಚಾಸಿ, ಬೋರ್ಡ್, ಪ್ರಾಡಕ್ಟ್ ಭಾಗಗಳ ಕೊನೆಯಲ್ಲೂ ಇದೇ ಲೆಕ್ಕ: ಭಾಗದ ಎಲ್ಲ ಬೈಟ್ ಕೂಡಿದ ಮೊತ್ತವನ್ನು 256ರಿಂದ ಭಾಗಿಸಿದರೆ ಶೇಷ ಉಳಿಯಬಾರದು. ಹೆಕ್ಸ್ ಎಡಿಟರ್‌ನಲ್ಲಿ ಒಂದು ಅಕ್ಷರ ಮುಟ್ಟಿದರೂ ಆ ಭಾಗದ ಚೆಕ್‌ಸಮ್ ಮತ್ತೆ ಲೆಕ್ಕ ಹಾಕಲೇಬೇಕು.

ಪ್ರತಿ ಫೀಲ್ಡ್‌ನ ಮುಂದೆ ಒಂದು ಬೈಟ್ ಇರುತ್ತದೆ. ಅದರ ಮೇಲಿನ ಎರಡು ಬಿಟ್ ಅಕ್ಷರದ ಬಗೆ ಹೇಳುತ್ತವೆ, ಕೆಳಗಿನ ಆರು ಬಿಟ್ ಉದ್ದ ಹೇಳುತ್ತವೆ. ಆರು ಬಿಟ್ ಅಂದಮೇಲೆ ಯಾವ ಫೀಲ್ಡ್ ಕೂಡ 63 ಬೈಟ್ ಮೀರುವಂತಿಲ್ಲ. ಮಾಮೂಲಿ ಆಸ್ಕಿ ಅಕ್ಷರ ಆದರೆ ಉದ್ದಕ್ಕೆ 192 ಕೂಡಿಸಿ, ಹತ್ತು ಅಕ್ಷರದ ಸೀರಿಯಲ್ ಇದ್ದರೆ 202. ಇಲ್ಲೊಂದು ಗುಂಡಿ ಇದೆ. 193, ಅಂದರೆ ಹೆಕ್ಸ್‌ನಲ್ಲಿ ಸಿ1, ‘ಫೀಲ್ಡ್‌ಗಳು ಮುಗಿದವು’ ಅನ್ನುವ ಗುರುತು. ಹಾಗಾಗಿ ಒಂದೇ ಅಕ್ಷರದ ಅಸೆಟ್ ಟ್ಯಾಗ್ (ನಿಮ್ಮ ಸಂಸ್ಥೆಯೇ ಕೊಡುವ ಗುರುತು) ಹೀಗೆ ಬರೆಯಲು ಬರುವುದಿಲ್ಲ. ಬರೆದರೆ ಓದುವ ಸಾಫ್ಟ್‌ವೇರ್ ಅಲ್ಲಿಗೇ ನಿಂತುಬಿಡುತ್ತದೆ, ಅದರ ಮುಂದಿನ ಫೀಲ್ಡ್‌ಗಳು ಮಾಯ.

ಬೋರ್ಡ್ ಭಾಗದಲ್ಲಿ ತಯಾರಾದ ತಾರೀಕು ಮೂರು ಬೈಟ್‌ನಲ್ಲಿ ಇರುತ್ತದೆ, 1996ರ ಜನವರಿ 1ರಿಂದ ಎಷ್ಟು ನಿಮಿಷ ಆಯಿತು ಅನ್ನುವ ಲೆಕ್ಕ. ಮೂರು ಬೈಟ್‌ಗೆ ಹಿಡಿಸುವುದು 1,67,77,215 ನಿಮಿಷದವರೆಗೆ, ಅದು 2027ರ ನವೆಂಬರ್‌ಗೆ ಮುಗಿಯುತ್ತದೆ. ಎಫ್‌ಆರ್‌ಯು ತಯಾರಿಸುವ ನಿಮ್ಮದೇ ಸ್ಕ್ರಿಪ್ಟ್ ಇದ್ದರೆ ಈಗಲೇ ಈ ಕಡೆ ಗಮನ ಕೊಡಿ.

ಬದಲಾಯಿಸುವುದು

ಐಪಿಎಂಐಟೂಲ್‌ನಲ್ಲಿ ಕ್ರಮ ಹೀಗೆ: ‘ಎಫ್‌ಆರ್‌ಯು ಎಡಿಟ್’, ಆಮೇಲೆ ಐಡಿ, ಆಮೇಲೆ ‘ಫೀಲ್ಡ್’, ಆಮೇಲೆ ಭಾಗದ ಅಕ್ಷರ, ಆಮೇಲೆ ಫೀಲ್ಡ್‌ನ ಕ್ರಮಸಂಖ್ಯೆ, ಕೊನೆಗೆ ಹೊಸ ಬೆಲೆ (ಆ ಫೀಲ್ಡ್‌ನಲ್ಲಿ ಇರಬೇಕಾದ ಬರಹ). ಭಾಗಕ್ಕೆ ಇಂಗ್ಲಿಷ್‌ನ ಸಣ್ಣಕ್ಷರ: ಚಾಸಿಗೆ ಸಿ, ಬೋರ್ಡ್‌ಗೆ ಬಿ, ಪ್ರಾಡಕ್ಟ್‌ಗೆ ಪಿ. ಕ್ರಮಸಂಖ್ಯೆ ಸೊನ್ನೆಯಿಂದ ಶುರು. ಚಾಸಿಯಲ್ಲಿ 0 ಪಾರ್ಟ್ ನಂಬರ್, 1 ಸೀರಿಯಲ್. ಪ್ರಾಡಕ್ಟ್‌ನಲ್ಲಿ 0 ತಯಾರಕರು, 1 ಹೆಸರು, 2 ಪಾರ್ಟ್ ಅಥವಾ ಮಾಡೆಲ್ ನಂಬರ್, 3 ಆವೃತ್ತಿ, 4 ಸೀರಿಯಲ್, 5 ಅಸೆಟ್ ಟ್ಯಾಗ್. ಬೋರ್ಡ್‌ನಲ್ಲಿ ಸೀರಿಯಲ್ 2ನೆಯದು, 4 ಅಲ್ಲ. ಪ್ರಾಡಕ್ಟ್‌ನ ಅಭ್ಯಾಸದಲ್ಲಿ ಬೋರ್ಡ್‌ಗೂ 4 ಕೊಟ್ಟರೆ ಸೀರಿಯಲ್ ಹೋಗಿ ಎಫ್‌ಆರ್‌ಯು ಫೈಲ್ ಐಡಿ ಜಾಗದಲ್ಲಿ ಕೂರುತ್ತದೆ.

ಹಾಗಾದರೆ ಸರ್ವರ್‌ನ ಸೀರಿಯಲ್ ಹಾಕಲು: ಎಫ್‌ಆರ್‌ಯು ಎಡಿಟ್ 0, ಫೀಲ್ಡ್, ಪಿ, 4, ಆಮೇಲೆ ಲೇಬಲ್‌ನ ಸೀರಿಯಲ್. ಒಂದು ಫೀಲ್ಡ್ ಬದಲಾಯಿಸಿ, ಪ್ರಿಂಟ್ ಮಾಡಿ ನೋಡಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಓಡಿಸುವ ಆತುರ ಬೇಡ.

ಹೊಸ ಬೆಲೆಯ ಉದ್ದ ಹಳೆಯದರಷ್ಟೇ ಇದ್ದರೆ ಕೆಲಸ ಸಲೀಸು, ಆ ಜಾಗದಲ್ಲೇ ಬರೆದು ಚೆಕ್‌ಸಮ್ ಸರಿ ಮಾಡುತ್ತದೆ. ಉದ್ದ ಬೇರೆಯಾದರೆ ಎಫ್‌ಆರ್‌ಯು ಗಾತ್ರ ಬದಲಾಯಿಸುತ್ತಿದ್ದೇನೆ ಅಂತ ಸಂದೇಶ ಬರುತ್ತದೆ, ಅಂದರೆ ಅದರ ಮುಂದಿನ ಭಾಗಗಳನ್ನು ಸರಿಸಿ ಮತ್ತೆ ಕಟ್ಟುತ್ತಿದೆ ಅಂತ. ಸಾಮಾನ್ಯವಾಗಿ ಸರಿಯಾಗಿಯೇ ಆಗುತ್ತದೆ. ಆದರೂ ಹಾಗಾದಾಗ ಬರೀ ಆ ಫೀಲ್ಡ್ ಅಲ್ಲ, ಮೂರೂ ಭಾಗ ಮತ್ತು ಮಲ್ಟಿರೆಕಾರ್ಡ್ ಎಲ್ಲ ಹಳೆಯ ಟೆಕ್ಸ್ಟ್ ಫೈಲ್ ಜೊತೆ ಹೋಲಿಸಿ. ಫೀಲ್ಡ್ ಪೂರ್ತಿ ಖಾಲಿ ಇದ್ದರೆ ‘ಫೀಲ್ಡ್ ನಾಟ್ ಫೌಂಡ್’ ಅಂತ ಹೇಳಿ ನಿಲ್ಲುವುದೂ ಉಂಟು. ಆಗ ಎಡಿಟ್ ಬಿಟ್ಟು, ಹೊಸ ಫೈಲ್ ಕಟ್ಟಿ ‘ಎಫ್‌ಆರ್‌ಯು ರೈಟ್’ ಮೂಲಕ ಬರೆಯಬೇಕು. ಫೈಲ್ ಕಟ್ಟಲು ಫ್ರುಜೆನ್ ಅನ್ನುವ ಓಪನ್ ಸೋರ್ಸ್ ಟೂಲ್ ಇದೆ, ಕೈಯಲ್ಲಿ ಚೆಕ್‌ಸಮ್ ಲೆಕ್ಕ ಹಾಕುವ ಬದಲು ಅದನ್ನೇ ಬಳಸಿ.

ರೈಟ್ ಮಾಡುವಾಗ ಒಂದೇ ಎಚ್ಚರ: ಬೇರೆ ಮಾಡೆಲ್‌ನ ಫೈಲ್, ಅಥವಾ ಬೇರೆ ಐಡಿಯ ಫೈಲ್ ಹಾಕಬೇಡಿ. ಐಪಿಎಂಐಟೂಲ್ ನೀವು ಕೊಟ್ಟದ್ದನ್ನು ಬರೆಯುತ್ತದೆ, ಇದು ಈ ಬೋರ್ಡ್‌ನದ್ದಾ ಅಂತ ಕೇಳುವುದಿಲ್ಲ.

ಪರೀಕ್ಷೆ

ಮತ್ತೆ ‘ಎಫ್‌ಆರ್‌ಯು ರೀಡ್’ ಮಾಡಿ, ಹಳೆಯ ಫೈಲ್ ಜೊತೆ ಹೋಲಿಸಿ. ನೀವು ಬದಲಾಯಿಸಿದ ಅಕ್ಷರಗಳು ಮತ್ತು ಆಯಾ ಭಾಗದ ಚೆಕ್‌ಸಮ್ ಬಿಟ್ಟು ಬೇರೆ ಏನೂ ಬದಲಾಗಿರಬಾರದು, ಗಾತ್ರ ಬದಲಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಆಮೇಲೆ ‘ಎಂಸಿ ರೀಸೆಟ್ ಕೋಲ್ಡ್’ ಕೊಟ್ಟು ಬಿಎಂಸಿ ರೀಸ್ಟಾರ್ಟ್ ಮಾಡಿ. ಹಲವು ಬಿಎಂಸಿಗಳು ಎಫ್‌ಆರ್‌ಯು ಒಂದು ಸಲ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ, ವೆಬ್ ಪುಟದಲ್ಲಿ ಹಳೆಯದೇ ಕಾಣುತ್ತಿರುತ್ತದೆ. ಬಿಎಂಸಿ ಮೇಲೆ ಬರಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಸತ್ತೇ ಹೋಯಿತು ಅಂತ ಕೇಬಲ್ ಕೀಳಬೇಡಿ.

ಆಮೇಲೆ ಸರ್ವರ್ ರೀಬೂಟ್ ಮಾಡಿ ಡಿಎಂಐಡಿಕೋಡ್ ನೋಡಿ. ಟೈಪ್ 1ರಲ್ಲಿ ಹೊಸ ಸೀರಿಯಲ್ ಬಂದಿದ್ದರೆ ಬಯೋಸ್ ಎಫ್‌ಆರ್‌ಯು ಓದುವ ಜಾತಿಯದ್ದು, ಮುಂದಿನ ಭಾಗ ನಿಮಗೆ ಬೇಕಿಲ್ಲ.

ಬಯೋಸ್ ಕಡೆ

ಬಂದಿಲ್ಲ ಅಂದರೆ ತಯಾರಕರ ಟೂಲ್‌ಗೆ ಹೋಗಬೇಕು, ಇಲ್ಲಿ ಎಲ್ಲರಿಗೂ ಹೊಂದುವ ಒಂದು ಕಮಾಂಡ್ ಇಲ್ಲ. ಎಚ್‌ಪಿಇ ಪ್ರೋಲಿಯಂಟ್‌ನಲ್ಲಿ ಬೂಟ್ ಸಮಯದ ಸಿಸ್ಟಂ ಯುಟಿಲಿಟೀಸ್ ಮೆನುವಿನಲ್ಲೇ ಸೀರಿಯಲ್ ನಂಬರ್ ಮತ್ತು ಪ್ರಾಡಕ್ಟ್ ಐಡಿ ಹಾಕುವ ಜಾಗ ಇದೆ. ಡೆಲ್ ಪವರ್‌ಎಡ್ಜ್‌ನಲ್ಲಿ ಈಸಿ ರೀಸ್ಟೋರ್ ಅನ್ನುವ ಸೌಲಭ್ಯ ಇದೆ. ಸರ್ವೀಸ್ ಟ್ಯಾಗ್‌ನ ಪ್ರತಿ ಬೋರ್ಡ್‌ನಿಂದ ಹೊರಗೆ ಇನ್ನೊಂದು ಕಡೆ ಇರುತ್ತದೆ, ಹೊಸ ಬೋರ್ಡ್ ಹಾಕಿ ಮೊದಲ ಸಲ ಆನ್ ಮಾಡಿದಾಗ ವಾಪಸ್ ತರಲೇ ಅಂತ ತಾನೇ ಕೇಳುತ್ತದೆ. ಆ ಪ್ರಶ್ನೆಯನ್ನು ಓದದೆ ದಾಟಿಸಬೇಡಿ. ಲೆನೊವೊ ಸರ್ವರ್‌ಗೆ ಒನ್‌ಸಿಎಲ್‌ಐ ಇದೆ, ಮಷೀನ್ ಟೈಪ್ ಮತ್ತು ಸೀರಿಯಲ್ ಎರಡನ್ನೂ ಹಾಕಬೇಕು. ಸೂಪರ್‌ಮೈಕ್ರೋದಲ್ಲಿ ಎಸ್‌ಯುಎಂ ಟೂಲ್‌ನಿಂದ ಡಿಎಂಐ (ಎಸ್‌ಎಂಬಯೋಸ್ ಟೇಬಲ್‌ನ) ಮಾಹಿತಿಯನ್ನು ಒಂದು ಫೈಲ್‌ಗೆ ಇಳಿಸಿ, ತಿದ್ದಿ, ವಾಪಸ್ ಹಾಕಬಹುದು. ಯಾವುದೇ ಆದರೂ ರೀಬೂಟ್ ಆದಮೇಲೆಯೇ ಹೊಸದು ಕಾಣುವುದು.

ಯುಯುಐಡಿ ಬಗ್ಗೆ ಒಂದು ಮಾತು. ಎಸ್‌ಎಂಬಯೋಸ್ 2.6ರಿಂದ ಯುಯುಐಡಿಯ ಮೊದಲ ಮೂರು ತುಂಡುಗಳ ಬೈಟ್ ಕ್ರಮ ತಿರುಗಿಸಿ ಇಡುವ ನಿಯಮ ಇದೆ. ಆದ್ದರಿಂದ ‘ಎಂಸಿ ಜಿಯುಐಡಿ’ ಅನ್ನುವ ಐಪಿಎಂಐ ಕಮಾಂಡ್ ತೋರಿಸುವುದಕ್ಕೂ ಡಿಎಂಐಡಿಕೋಡ್ ತೋರಿಸುವುದಕ್ಕೂ ವ್ಯತ್ಯಾಸ ಕಂಡರೆ ಮೊದಲು ಆ ಮೂರು ತುಂಡುಗಳನ್ನು ಹಿಂದುಮುಂದು ಮಾಡಿ ನೋಡಿ. ಜಾಸ್ತಿ ಸಲ ಎರಡೂ ಒಂದೇ ಆಗಿರುತ್ತವೆ. ಲೈಸೆನ್ಸ್ ಯುಯುಐಡಿಗೆ ಕಟ್ಟಿಹಾಕಿದ್ದರೆ ಮಾತ್ರ ಹಳೆಯದನ್ನು ವಾಪಸ್ ತನ್ನಿ. ಹಾಗೇನೂ ಇಲ್ಲದಿದ್ದರೆ ಹೊಸ ಬೋರ್ಡ್‌ನ ಯುಯುಐಡಿ ಹಾಗೇ ಇರಲಿ, ಇನ್ವೆಂಟರಿಯಲ್ಲಿ ತಿದ್ದಿಕೊಂಡರೆ ಸಾಕು.

ಇಂಟೆಲ್ ಸರ್ವರ್ ಬೋರ್ಡ್ ಇದ್ದವರಿಗೆ ದಾರಿ ಸ್ವಲ್ಪ ಬೇರೆ. ಅಲ್ಲಿ ಎಫ್‌ಆರ್‌ಯು ಮತ್ತು ಸೆನ್ಸರ್ ಪಟ್ಟಿ ಎರಡೂ ಸೇರಿ ಎಫ್‌ಆರ್‌ಯುಎಸ್‌ಡಿಆರ್ ಅನ್ನುವ ಪ್ಯಾಕೇಜ್ ಆಗಿ ಬರುತ್ತವೆ. ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ ಯುಇಎಫ್‌ಐ ಶೆಲ್‌ನಿಂದ ಓಡಿಸಬಹುದು. ಯಾವ ಚಾಸಿ ಅಂತ ಕೇಳಿದರೆ ನೋಡಿ, ಸರಿಯಾದದ್ದನ್ನೇ ಆರಿಸಿ. ಫ್ಯಾನ್ ಎಷ್ಟು, ಯಾವ ಸೆನ್ಸರ್ ಎಲ್ಲಿ ಅನ್ನುವುದು ಬಿಎಂಸಿಗೆ ತಿಳಿಯುವುದು ಇದರಿಂದಲೇ. ತಪ್ಪಿದರೆ ಇಲ್ಲದ ಫ್ಯಾನ್ ಕೆಟ್ಟಿದೆ ಅಂತ ಎರರ್ ಬರುತ್ತದೆ, ಇರುವ ಫ್ಯಾನ್‌ಗಳು ಪೂರ್ತಿ ವೇಗದಲ್ಲಿ ಕೂಗುತ್ತವೆ. ಬಯೋಸ್, ಬಿಎಂಸಿ ಅಪ್‌ಡೇಟ್ ಕೂಡ ಇದ್ದರೆ ಪ್ಯಾಕೇಜ್ ಜೊತೆ ಬಂದ ರೀಡ್‌ಮಿಯಲ್ಲಿ ಹೇಳಿದ ಕ್ರಮವನ್ನೇ ಹಿಡಿಯಿರಿ.

ಬರೆಯಲು ಬಿಡದಿದ್ದರೆ, ಅಥವಾ ಕೆಟ್ಟರೆ

ಕಂಪ್ಲೀಷನ್ ಕೋಡ್ (ಬಿಎಂಸಿ ಕೊಡುವ ಉತ್ತರದ ಸಂಖ್ಯೆ) ಹೆಕ್ಸ್ 81 ಬಂದರೆ ಎಫ್‌ಆರ್‌ಯು ಸಾಧನ ಬ್ಯುಸಿ ಇದೆ, ಸ್ವಲ್ಪ ಬಿಟ್ಟು ಮತ್ತೆ ಮಾಡಿ. 80 ಬಂದರೆ ಆ ಜಾಗಕ್ಕೆ ಬರೆಯದಂತೆ ಬೀಗ ಹಾಕಿದ್ದಾರೆ ಅಂತ. ಈ ಬೀಗವನ್ನು ಬೇರೆ ದಾರಿಯಿಂದ ಮುರಿಯಲು ಹೋಗಬೇಡಿ, ಚಿಪ್‌ಗಳನ್ನು ಜೋಡಿಸುವ ಬಸ್ ಮೇಲೆ ನೇರವಾಗಿ ಈಪ್ರಾಮ್‌ಗೆ ಬರೆಯುವ ಪ್ರಯತ್ನದಲ್ಲಿ ವಿಳಾಸ ಒಂದು ತಪ್ಪಿದರೂ ಪಕ್ಕದ ಇನ್ನೊಂದು ಚಿಪ್ ಹಾಳಾಗುತ್ತದೆ. ತಯಾರಕರ ಸಪೋರ್ಟ್‌ಗೆ ಹಳೆಯ ಮತ್ತು ಹೊಸ ಬೋರ್ಡ್ ಸೀರಿಯಲ್ ಎರಡನ್ನೂ ಕೊಟ್ಟು ಅವರ ಟೂಲ್ ಕೇಳಿ.

ಪ್ರಿಂಟ್ ಮಾಡಿದಾಗ ‘ಅನ್‌ನೋನ್ ಎಫ್‌ಆರ್‌ಯು ಹೆಡರ್ ವರ್ಷನ್’ ಅಂತ ಬಂದು ಪಕ್ಕದಲ್ಲಿ ಎಫ್‌ಎಫ್ ಇದ್ದರೆ ಸಾಮಾನ್ಯವಾಗಿ ಚಿಪ್ ಖಾಲಿ ಅಂತ ಅರ್ಥ, ಮೊದಲ ಬೈಟ್ 1 ಆಗಿರಬೇಕಿತ್ತಲ್ಲ. ಪ್ರತಿ ಇದ್ದರೆ ‘ಎಫ್‌ಆರ್‌ಯು ರೈಟ್’ನಿಂದ ವಾಪಸ್ ಹಾಕಿ, ಎರಡು ನಿಮಿಷದ ಕೆಲಸ. ಪ್ರತಿ ಇಲ್ಲದಿದ್ದರೆ ಅದೇ ಮಾಡೆಲ್‌ನ, ಅದೇ ಬೋರ್ಡ್ ರಿವಿಷನ್‌ನ ಇನ್ನೊಂದು ಸರ್ವರ್‌ನಿಂದ ಓದಿ ಅದನ್ನು ಅಚ್ಚಾಗಿ ಬಳಸಬಹುದು. ಆದರೆ ಬರೆಯುವ ಮುಂಚೆಯೇ ಫೈಲ್‌ನಲ್ಲಿ ಮೂರೂ ಸೀರಿಯಲ್, ಅಸೆಟ್ ಟ್ಯಾಗ್, ತಯಾರಾದ ತಾರೀಕು ಬದಲಾಯಿಸಿ. ಬೋರ್ಡ್ ಸೀರಿಯಲ್ ಬೋರ್ಡ್ ಮೇಲಿನ ಸ್ಟಿಕ್ಕರ್‌ನಲ್ಲೇ ಇರುತ್ತದೆ. ಇಂಟರ್ನಲ್ ಮತ್ತು ಮಲ್ಟಿರೆಕಾರ್ಡ್ ಭಾಗಗಳಲ್ಲಿ ಆ ಸರ್ವರ್‌ನ ಮ್ಯಾಕ್ ವಿಳಾಸದ ಬೈಟ್‌ಗಳು ಇವೆಯಾ ಅಂತ ಹೆಕ್ಸ್ ಎಡಿಟರ್‌ನಲ್ಲಿ ಹುಡುಕಿ. ಸಿಕ್ಕರೆ ಅಲ್ಲಿ ನಿಮ್ಮ ಬೋರ್ಡ್‌ನ ಮ್ಯಾಕ್ ಹಾಕಿ ಚೆಕ್‌ಸಮ್ ಸರಿ ಮಾಡಿ, ಆಮೇಲಷ್ಟೇ ಬರೆಯಿರಿ.

ಎಲ್ಲ ಸರಿಯಾದ ಮೇಲೆ ಇನ್ನೊಂದು ‘ಎಫ್‌ಆರ್‌ಯು ರೀಡ್’ ಮಾಡಿ, ಫೈಲ್ ಹೆಸರಿನಲ್ಲಿ ಸರ್ವರ್ ಸೀರಿಯಲ್, ಬೋರ್ಡ್ ಸೀರಿಯಲ್, ತಾರೀಕು ಮೂರೂ ಸೇರಿಸಿ ಎತ್ತಿಡಿ. ಬೋರ್ಡ್ ಇನ್ನೂ ಚೆನ್ನಾಗಿರುವ ಉಳಿದ ಸರ್ವರ್‌ಗಳದ್ದನ್ನೂ ಇದೇ ಕೈಯಲ್ಲಿ ಓದಿ ಇಟ್ಟುಬಿಡಿ. ಓದುವುದರಿಂದ ಸರ್ವರ್ ಕೆಲಸಕ್ಕೆ ಏನೂ ಅಡ್ಡಿಯಿಲ್ಲ, ಹಗಲು ಹೊತ್ತಿನಲ್ಲೇ ಮಾಡಬಹುದು.